8 ಇಂಚಿನ ಟೆಲಿಸ್ಕೋಪಿನಲ್ಲಿ ಉಂಗುರದ ಗ್ಯಾಲಕ್ಸಿ ಕಾಣ್ತಾವೇನ್ರಿ?

ಕುಷ್ಟಗಿ_ಕತ್ತಲು: 8 ಇಂಚು ಎಫ್/6 ಡಾಬ್ಸೋನಿಯನ್ (ಕನ್ನಡಿ ಟೆಲಿಸ್ಕೋಪು) ಅದ, ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) 25 ಮತ್ತು 10 ಎಂಎಂ. ಹೋಗ್ ಗ್ಯಾಲಕ್ಸಿ, ಕಾರ್ಟ್‌ವೀಲ್ ನಮ್ಮ ಹೊಲದಿಂದ ಸಿಗ್ತಾವೇನ್ರಿ? ಎರಡೂ ಉಂಗುರನ ಅಂದಮ್ಯಾಲೆ ಹುಟ್ಟಿದ್ದೂ ಒಂದೇ ರೀತಿ ಏನು?

ಸಿರುಗುಪ್ಪ_ದುರ್ಬೀನು: ಅವೆರಡನ್ನೂ ಬಿಡ್ರಿ. ಹೋಗ್‌ನ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಬ್ಬು) 16ರ ಆಸುಪಾಸು. ನಿಮ್ಮ ಕನ್ನಡಿಗೆ ಒಳ್ಳೆ ಕತ್ತಲಲ್ಲಿ ನಕ್ಷತ್ರವೇ 14ರ ಹತ್ತಿರ ಮುಗಿಯುತ್ತೆ, ಹರಡಿಕೊಂಡ ಬೆಳಕು ಇನ್ನೂ ಮೊದಲೇ. ವಿಚಿತ್ರ ಆಕಾರ ಕಣ್ಣಾರೆ ಬೇಕಂದ್ರೆ ಸೆಂಟಾರಸ್ ಎ ಗ್ಯಾಲಕ್ಸಿ ಹಿಡೀರಿ, ಅಂದ್ರೆ ಪಟ್ಟಿಗಳಲ್ಲಿ ಎನ್‌ಜಿಸಿ 5128. ಕಾಂತಿಮಾನ ಸುಮಾರು 7. ನಮ್ಮ ಅಕ್ಷಾಂಶಕ್ಕೆ ದಕ್ಷಿಣದಲ್ಲಿ ಸುಮಾರು 31 ಡಿಗ್ರಿ ಮೇಲೇರುತ್ತೆ. ಯುರೋಪಿನ ಬಹುಪಾಲು ಜನಕ್ಕೆ ಈ ಭಾಗ್ಯ ಇಲ್ಲ! ಮೇ ನಡುವೆ ರಾತ್ರಿ ಹತ್ತೂವರೆಗೆ ಅತಿ ಎತ್ತರ. ಫೈಂಡರಿನಲ್ಲಿ (ಗುರಿ ಹಿಡಿಯೋ ಸಣ್ಣ ದುರ್ಬೀನು) ಮೊದಲು ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಹಿಡಿದು, ಅಲ್ಲಿಂದ ಉತ್ತರಕ್ಕೆ ನಾಲ್ಕೂವರೆ ಡಿಗ್ರಿ ಸರಿಸಿ. 25 ಎಂಎಂನಲ್ಲಿ (48 ಪಟ್ಟು) ದುಂಡನೆಯ ಮಬ್ಬು ಸಿಗುತ್ತೆ. ಆಮೇಲೆ 10 ಎಂಎಂ ಹಾಕಿ, ನೇರ ದಿಟ್ಟಿಸದೆ ಓರೆಗಣ್ಣಿಂದ ನೋಡಿ: ಮಬ್ಬನ್ನು ಎರಡು ಹೋಳು ಮಾಡಿದ ಕಪ್ಪು ಪಟ್ಟಿ. ದೊಡ್ಡ ಗ್ಯಾಲಕ್ಸಿಯೊಂದು ಧೂಳು ತುಂಬಿದ ಸುರುಳಿ ಗ್ಯಾಲಕ್ಸಿಯನ್ನು ನುಂಗಿದ ಗುರುತು ಅದು.

ರಾಯಚೂರು_ನಭ: ಒಂದು ಮಾತು. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಇಡಬೇಡಿ. ಹಗಲೆಲ್ಲ ಕಾದ ಆರ್‌ಸಿಸಿ ನಡುರಾತ್ರಿ ತನಕ ಬಿಸಿಗಾಳಿ ಬಿಡುತ್ತೆ, 10 ಎಂಎಂನ 120 ಪಟ್ಟು ಹಿಗ್ಗಿಸಿದಾಗ ಆ ಕಪ್ಪು ಪಟ್ಟಿ ಕದಡಿ ಹೋಗುತ್ತೆ. ಹೊಲದ ಮಣ್ಣೇ ವಾಸಿ. ಟ್ಯೂಬನ್ನು ಒಂದು ತಾಸು ಮುಂಚೆ ಹೊರಗಿಟ್ಟು ಕನ್ನಡಿ ತಣಿಯಲಿ. ನಿಮ್ಮ ದಕ್ಷಿಣಕ್ಕೆ ಪೇಟೆ ಬೆಳಕು ಇರದ ಜಾಗ ನೋಡ್ಕೊಳ್ಳಿ. ಮೇನಲ್ಲಿ ಸಂಜೆ ಮೋಡದ ಕಾಟ ಇದ್ದದ್ದೇ; ಮಾರ್ಚ್ ನಡುವೆಯಾದ್ರೆ ರಾತ್ರಿ ಎರಡೂವರೆಗೆ ಇದೇ ಎತ್ತರ ಸಿಗುತ್ತೆ.

ಉಂಗುರದ ಪ್ರಶ್ನೆಗೆ: ಹುಟ್ಟು ಒಂದೇ ಅಲ್ಲ. ಕಾರ್ಟ್‌ವೀಲ್‌ನ ನಡುವೆ ಸಣ್ಣ ಗ್ಯಾಲಕ್ಸಿಯೊಂದು ತೂರಿಹೋಗಿ, ಕೆರೆಗೆ ಕಲ್ಲೆಸೆದಂತೆ ಎದ್ದ ಅಲೆ ಹೊರಗೆ ಹರಡಿತು. ಅಲೆ ಹೋದಲ್ಲೆಲ್ಲ ಅನಿಲ ಒತ್ತಿಕೊಂಡು ಹೊಸ ನಕ್ಷತ್ರ ಹುಟ್ಟಿದವು, ಆ ಉಂಗುರ ಈಗಲೂ ಹಿಗ್ಗುತ್ತಿದೆ. 1950ರಲ್ಲಿ ಆರ್ಥರ್ ಹೋಗ್ ಗುರುತಿಸಿದ್ದರ ಕಥೆ ಬೇರೆ. ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರ; ಒಳಗೆ ಹಳದಿ ಮುದಿ ನಕ್ಷತ್ರಗಳ ಉಂಡೆ, ಸುತ್ತ ನೀಲಿ ಎಳೆ ನಕ್ಷತ್ರಗಳ ಬಳೆ. ಡಿಕ್ಕಿ ಹೊಡೆದವರು ಯಾರೂ ಹತ್ತಿರದಲ್ಲಿ ಕಾಣಲ್ಲ. ಉಂಡೆ, ಬಳೆ ಎರಡರ ವೇಗವೂ ಹೆಚ್ಚು ಕಡಿಮೆ ಒಂದೇ, ಹಾಗಾಗಿ ತೂರಿಹೋದ ವಾದ ನಿಲ್ಲಲ್ಲ. ನಡುವೆ ಇದ್ದ ನಕ್ಷತ್ರದಂಡ (ನಕ್ಷತ್ರಗಳ ಉದ್ದನೆ ಪಟ್ಟೆ) ಕರಗಿ ಬಳೆ ಉಳೀತು ಅಂತ ಕೆಲವರು, ಹೊರಗಿನ ಅನಿಲ ಬಂದು ಸುತ್ತಿಕೊಂಡಿತು ಅಂತ ಕೆಲವರು. ಎರಡನೇದೇ ನನಗೆ ಹೆಚ್ಚು ಒಪ್ಪುತ್ತೆ, ದಂಡದ ಕುರುಹು ಅಲ್ಲಿ ಕಾಣಲ್ಲವಲ್ಲ.

ಕುಷ್ಟಗಿ_ಕತ್ತಲು: ಅಣ್ಣಾರ, ಸೊಂಬ್ರೆರೊ ಗ್ಯಾಲಕ್ಸಿಯಾಗೂ ಕಪ್ಪು ಪಟ್ಟಿ ಅದ ಅಂತಾರಲ್ಲ?

ಸಿರುಗುಪ್ಪ_ದುರ್ಬೀನು: ಅದ. 63 ಡಿಗ್ರಿ ಎತ್ತರಕ್ಕೆ ಬರೋದ್ರಿಂದ ಗಾಳಿ ಕಾಟ ಕಮ್ಮಿ. ಆದ್ರೆ ಪಟ್ಟಿ ಸಣ್ಣದು, 10 ಎಂಎಂ ಐಪೀಸೇ (120 ಪಟ್ಟು) ಹಾಕಿ. ಮೊದಲು ಸೆಂಟಾರಸ್ ಎ ಮುಗಿಸ್ರಿ.