ಪದಚರ್ಚೆ: ‘ಫೇರ್ ಯೂಸ್’ಗೆ ಬೋರ್ಡಿನ ಮೇಲೆ ಏನು ಬರೆಯಲಿ? ಶನಿವಾರದೊಳಗೆ ಬೇಕು

ನಾಪೋಕ್ಲು, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ‘ಫೇರ್ ಯೂಸ್’, ಅಂದರೆ ಕಾಪಿರೈಟ್ ಇರುವ ಪುಸ್ತಕದಿಂದ ಒಡೆಯರನ್ನು ಕೇಳದೆಯೇ ಒಂದು ಮಿತಿಯಲ್ಲಿ ತೆಗೆದುಕೊಳ್ಳುವುದು. ಅದಕ್ಕೆ ಒಂದು ಕನ್ನಡ ಪದ ಬೇಕು. ಶುಕ್ರವಾರ ಸಂಜೆಯೊಳಗೆ ಸಿಕ್ಕರೆ ಉಪಕಾರ. ಶನಿವಾರ ಬೋರ್ಡ್ ಬರೆಯುವವರು ಬರುತ್ತಾರೆ.

ನಾವು ಕೆಲವರು ಸೇರಿ ಊರಿನಲ್ಲಿ ಒಂದು ವಾಚನಾಲಯ ನಡೆಸುತ್ತೇವೆ. ಲಾಭಕ್ಕಲ್ಲ. ಈ ವರ್ಷ ಜೆರಾಕ್ಸ್ ಯಂತ್ರ ಬಂತು. ಬಂದ ದಿನದಿಂದ ಜಗಳ. ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಗೈಡನ್ನು ಒಬ್ಬರು ರಟ್ಟಿನಿಂದ ರಟ್ಟಿನವರೆಗೆ ಹತ್ತು ಸೆಟ್ ಮಾಡಿಸಿಕೊಂಡು ಹೋದರು. ಅದನ್ನು ಕೇಳಿ ಹೆದರಿದ ನಮ್ಮವರೇ ಒಬ್ಬರು, ಮಾರನೇ ದಿನ ಸಂಶೋಧನೆ ಮಾಡುವ ಹುಡುಗಿ ಎರಡು ಪುಟ ಕೇಳಿದರೂ ‘ಕಾಪಿರೈಟ್ ಇದೆ, ಆಗಲ್ಲ’ ಎಂದು ಕಳಿಸಿಬಿಟ್ಟರು. ಅವಳು ಆ ಮಳೆಯಲ್ಲಿ ಭಾಗಮಂಡಲದಿಂದ ಬಂದಿದ್ದಳು. ನನಗೆ ಇನ್ನೂ ಮನಸ್ಸಿಗೆ ಸಮಾಧಾನವಿಲ್ಲ.

ಹಾಗಾಗಿ ಯಂತ್ರದ ಮೇಲೆ ಒಂದು ಬೋರ್ಡ್. ‘ನ್ಯಾಯೋಚಿತ ಬಳಕೆ’ ಎಂದು ಬರೆದುಕೊಂಡಿದ್ದೆ. ನಾಲ್ಕು ಜನರಿಗೆ ತೋರಿಸಿದೆ. ಒಬ್ಬ ಅಜ್ಜ ‘ಕೋರ್ಟಿನ ವಿಷಯವಾ?’ ಎಂದರು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಪಿಯುಸಿ ಹುಡುಗ ‘ಯಾರ ಹತ್ತಿರ ಪರ್ಮಿಷನ್ ತಗೋಬೇಕು?’ ಎಂದ. ಅರ್ಥ ಪೂರ್ತಿ ಉಲ್ಟಾ ಆಯಿತು, ಅಲ್ವಾ? ಕೇಳದೆಯೇ ಇಷ್ಟು ಮಾಡಬಹುದು ಎಂದು ಹೇಳುವ ಪದ ಬೇಕು. ಬೋರ್ಡಿನ ಅಗಲ ಮೂರು ಅಡಿ.

ಕುಶಾಲನಗರ, ಮಂಗಳವಾರ ರಾತ್ರಿ

ಸದ್ಬಳಕೆ. ಎಲ್ಲರಿಗೂ ಗೊತ್ತಿರುವ ಪದ. ಮುಗಿಯಿತು.

ಸೋಮವಾರಪೇಟೆ, ಬುಧವಾರ

ಸದ್ಬಳಕೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ವಾಚನಾಲಯದ ಬೋರ್ಡಿನ ಮೇಲೆ ಅದು ಬೇಡ. ಮಕ್ಕಳು ನೋಡಿ ಕಲಿಯುತ್ತಾರೆ.

ಕುಶಾಲನಗರ, ಬುಧವಾರ

‘ದಿನಬಳಕೆ’ ಎಂದು ನೀವೇ ಹೋದ ವಾರ ಇಲ್ಲಿ ಬರೆದಿದ್ದೀರಿ. ‘ದುರ್ಬಳಕೆ’ ಪೇಪರಿನಲ್ಲಿ ದಿನವೂ ಇದೆ. ಹಿಂದಿನಿಂದ ರೂಢಿಯಲ್ಲಿರುವ ಇಂಥ ಕೆಲವನ್ನು ಹಳೆಯ ವ್ಯಾಕರಣಕಾರ ಕೇಶಿರಾಜನೇ ಒಪ್ಪಿದ್ದಾನೆ. ಸುಮ್ನೆ ತಡೆಯಬೇಡಿ.

ಮಡಿಕೇರಿ, ಬುಧವಾರ ರಾತ್ರಿ

ಅರಿಸಮಾಸ ಬದಿಗಿರಲಿ. ‘ಸದ್ಬಳಕೆ’ ಬೇಡ ಎನ್ನಲು ನನ್ನ ಕಾರಣ ಬೇರೆ. ಅದರ ಅರ್ಥವೇ ಹೊಂದುವುದಿಲ್ಲ.

ಸದ್ಬಳಕೆ ಅಂದರೆ ಒಳ್ಳೆಯ ಕೆಲಸಕ್ಕೆ ಬಳಸುವುದು. ಸಮಯದ ಸದ್ಬಳಕೆ, ಅನುದಾನದ ಸದ್ಬಳಕೆ. ಗೈಡಿನ ಹತ್ತು ಸೆಟ್ ಮಾಡಿಸಿದವರೂ ‘ಬಡ ಮಕ್ಕಳಿಗೆ ಕೊಟ್ಟೆ, ಸದ್ಬಳಕೆಯೇ’ ಅನ್ನಬಹುದು. ಇನ್ನೊಂದು ಕಡೆ, ಒಂದು ಕಾದಂಬರಿ ಕೆಟ್ಟದಾಗಿದೆ ಎಂದು ತೋರಿಸಲು ವಿಮರ್ಶಕ ಅದರದೇ ನಾಲ್ಕು ಸಾಲು ಎತ್ತಿ ಹಾಕುತ್ತಾನೆ. ಬರೆದವರ ಕಣ್ಣಿಗೆ ಅದು ದುರ್ಬಳಕೆ. ಕಾನೂನಿನ ಕಣ್ಣಿಗೆ ಅದು ಪೂರ್ತಿ ಸರಿ. ಉದ್ದೇಶ ಒಳ್ಳೆಯದಾದರೆ ಸಾಲದು. ಯಾವ ಕೆಲಸಕ್ಕೆ ಎಷ್ಟು ತೆಗೆದುಕೊಂಡೆ, ಅದರಿಂದ ಮೂಲ ಪುಸ್ತಕದ ಮಾರಾಟಕ್ಕೆ ಪೆಟ್ಟು ಬಿತ್ತಾ ಎಂಬುದನ್ನೂ ನೋಡುತ್ತಾರೆ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ‘ಫೇರ್ ಯೂಸ್’ ನಮ್ಮ ಕಾನೂನಿನ ಮಾತಲ್ಲ. ಅದು ಅಮೆರಿಕದ್ದು. ಅಲ್ಲಿಯ 1976ರ ಕಾಯ್ದೆಯ 107ನೇ ಸೆಕ್ಷನ್ ನಾಲ್ಕು ಪ್ರಶ್ನೆ ಕೇಳುತ್ತದೆ: ಬಳಕೆ ಯಾವ ಉದ್ದೇಶಕ್ಕೆ, ಕೃತಿ ಎಂಥದ್ದು, ತೆಗೆದದ್ದು ಎಷ್ಟು, ಮಾರುಕಟ್ಟೆಗೆ ಆದ ಪರಿಣಾಮ ಏನು. ಯಾವ ಬಳಕೆಯಾದರೂ ಆ ಪರೀಕ್ಷೆಗೆ ನಿಲ್ಲಬಹುದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಇರುವುದು ‘ಫೇರ್ ಡೀಲಿಂಗ್’. ಅದಕ್ಕೆ ಬಾಗಿಲುಗಳು ಎಣಿಸಿಟ್ಟಿವೆ. ಸ್ವಂತ ಉಪಯೋಗ, ಅದರಲ್ಲಿ ಸಂಶೋಧನೆಯೂ ಸೇರಿತು. ವಿಮರ್ಶೆ. ನಡೆಯುತ್ತಿರುವ ಸಂಗತಿಗಳ ವರದಿ. ಈ ಮೂರರಲ್ಲಿ ಒಂದು ಬಾಗಿಲಿನಿಂದ ಒಳಗೆ ಬರಬೇಕು. ಬಂದ ಮೇಲೂ ತೆಗೆದುಕೊಂಡದ್ದು ನ್ಯಾಯವಾಗಿರಬೇಕು. ಭಾಗಮಂಡಲದ ಹುಡುಗಿ ಮೊದಲ ಬಾಗಿಲಿನ ಎದುರೇ ನಿಂತಿದ್ದಳು.

ಅದೇ ಸೆಕ್ಷನ್ನಿನಲ್ಲಿ ಇದರಿಂದ ಬೇರೆಯಾದ ವಿನಾಯಿತಿಗಳ ಉದ್ದ ಪಟ್ಟಿಯೂ ಇದೆ. ಮೇಷ್ಟ್ರು, ವಿದ್ಯಾರ್ಥಿ ಪಾಠಕ್ಕಾಗಿ ಪ್ರತಿ ಮಾಡಿಕೊಳ್ಳುವುದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯ ತನ್ನ ಉಪಯೋಗಕ್ಕೆ 3 ಪ್ರತಿಯವರೆಗೆ ಮಾಡಿಕೊಳ್ಳುವುದು. ನಿಮ್ಮ ಹಳೇ ಪುಸ್ತಕಗಳ ಕಪಾಟಿಗೆ ಇದು ಬಹಳ ಮುಖ್ಯ. ಮದುವೆ ದಿಬ್ಬಣದಲ್ಲಿ ನುಡಿಸುವ ಹಾಡಿಗೂ ಅಲ್ಲೇ ಒಂದು ಸಾಲಿದೆ.

‘ಶೇಕಡಾ 10 ಪುಟ ಮಾಡಬಹುದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ಹಾಕಿದ ಕೇಸಿನಲ್ಲಿ ಇದೇ ಚರ್ಚೆಯಾಯಿತು. ದೆಹಲಿ ಹೈಕೋರ್ಟು 2016ರಲ್ಲಿ ಕೊಟ್ಟ ತೀರ್ಪಿನ ತಿರುಳು ಇಷ್ಟು: ಪುಟ ಎಣಿಸುವುದಲ್ಲ, ಪಾಠಕ್ಕೆ ಎಷ್ಟು ಬೇಕಿತ್ತು ಎಂದು ನೋಡುವುದು. 2017ರಲ್ಲಿ ಪ್ರಕಾಶಕರೇ ಕೇಸನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಅದು ಪಾಠಕ್ಕೆ ಸಂಬಂಧಪಟ್ಟ ವಿನಾಯಿತಿ. ಅದನ್ನು ಹಿಡಿದುಕೊಂಡು ಎಲ್ಲ ಜೆರಾಕ್ಸೂ ಸರಿ ಎನ್ನಲಾಗದು.

ಆದ್ದರಿಂದ ನಮಗೆ ಬೇಕಾದ ಪದದಲ್ಲಿ ‘ಒಳ್ಳೆಯದು’ ಎಂಬುದಕ್ಕಿಂತ ‘ಅಳತೆ ಮೀರದ್ದು, ಒಪ್ಪತಕ್ಕದ್ದು’ ಎಂಬ ಅರ್ಥ ಇರಬೇಕು. ನನ್ನ ಸಲಹೆ ‘ತಕ್ಕ ಬಳಕೆ’.

ಗೋಣಿಕೊಪ್ಪ, ಗುರುವಾರ

ಇಷ್ಟೆಲ್ಲ ಯಾಕೆ? ‘ಫೇರ್ ಯೂಸ್’ ಎಂದೇ ಬರೆಯಿರಿ. ಜೆರಾಕ್ಸ್ ಒಂದು ಕಂಪನಿಯ ಹೆಸರು, ಅದನ್ನು ಕನ್ನಡ ಮಾಡಿಕೊಂಡಿಲ್ಲವಾ? ಕಾಫಿ, ಎಸ್ಟೇಟು, ರೈಟರು, ಲೈನು. ಕೊಡಗಿನಲ್ಲಿ ಈ ಪದಗಳಿಲ್ಲದೆ ಒಂದು ದಿನ ಕಳೆಯಲಿ ನೋಡೋಣ.

ಸೋಮವಾರಪೇಟೆ, ಗುರುವಾರ

ಇದೇ ಮನೋಭಾವದಿಂದ ನುಡಿ ಹಾಳಾಯಿತು. ಕಾಪಿರೈಟಿಗೆ ‘ಹಕ್ಕುಸ್ವಾಮ್ಯ’ ಎಂದು ಹೆಮ್ಮೆಯಿಂದ ಬರೆಯುತ್ತೇವೆ. ‘ಹಕ್ಕು’ ಅರಬ್ಬಿ, ‘ಸ್ವಾಮ್ಯ’ ಸಂಸ್ಕೃತ. ಕನ್ನಡ ಎಲ್ಲಿದೆ? ‘ಒಡೆತನ’ ಎನ್ನಲು ಏನು ಕಷ್ಟ? ‘ನಕಲು’ ಕೂಡ ಅರಬ್ಬಿ. ‘ತಕ್ಕ ಬಳಕೆ’ ಅಚ್ಚಗನ್ನಡ, ಅದಕ್ಕೆ ನನ್ನ ಒಪ್ಪಿಗೆ ಇದೆ.

ಗೋಣಿಕೊಪ್ಪ, ಗುರುವಾರ

‘ನನ್ನ ಹಕ್ಕು’ ಎಂದು ಹೋರಾಟದಲ್ಲಿ ಕೂಗುವ ಹೆಂಗಸಿಗೆ ಅದು ಅರಬ್ಬಿ ಎಂದು ಹೇಳಿ ಬನ್ನಿ. ಅವಳ ಅಜ್ಜಿಯೂ ಅದೇ ಪದ ಆಡಿದ್ದಾಳೆ. ನೂರಾರು ವರ್ಷ ಬಾಯಲ್ಲಿ ಸವೆದ ಪದವನ್ನು ಹುಟ್ಟಿದ ಊರು ಕೇಳಿ ಹೊರಗೆ ಹಾಕುವುದು ಭಾಷೆಗೆ ಮಾಡುವ ಸೇವೆ ಅಲ್ಲ.

ಮಡಿಕೇರಿ, ಗುರುವಾರ

ಹಕ್ಕು ನಮ್ಮದೇ, ಒಪ್ಪಿದೆ. ಆದರೆ ಫೇರ್ ಯೂಸನ್ನು ಕಾಫಿಯ ಸಾಲಿಗೆ ಸೇರಿಸಬೇಡಿ. ಕಾಫಿ ಕಣ್ಣಿಗೆ ಕಾಣುತ್ತದೆ. ಬೀಜ ಬಂದಾಗ ಹೆಸರೂ ಜೊತೆಗೆ ಬಂತು. ‘ಫೇರ್’ ಎನ್ನುವುದು ವಸ್ತುವಲ್ಲ, ತೀರ್ಮಾನ. ಇದು ಸರಿಯಾ, ತಪ್ಪಾ ಎಂದು ಆ ಹುಡುಗ ತನ್ನೊಳಗೇ ಕೇಳಿಕೊಳ್ಳಬೇಕು. ಅರ್ಥವಾಗದ ಪದದಲ್ಲಿ ಯಾರೂ ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ. ನನ್ನ ಹಟ ಇರುವುದು ಇಷ್ಟರಲ್ಲೇ.

ಪೊನ್ನಂಪೇಟೆ, ಗುರುವಾರ ರಾತ್ರಿ

ನಾಲ್ಕು ದಿನದಿಂದ ತೋಟದಲ್ಲಿ ಕರೆಂಟ್ ಇರಲಿಲ್ಲ. ಈಗ ಎಲ್ಲವನ್ನೂ ಒಟ್ಟಿಗೆ ಓದಿದೆ. ಈ ಚರ್ಚೆಯಲ್ಲಿ ಕೊಡಗಿನವರೇ ಜಾಸ್ತಿ ಇದ್ದೀರಿ. ‘ಬಾಣೆ’ ಯಾರಿಗೂ ನೆನಪಾಗಲಿಲ್ಲವಲ್ಲ!

ಹೊರಗಿನವರಿಗಾಗಿ ಎರಡು ಮಾತು. ನಮ್ಮಲ್ಲಿ ಗದ್ದೆಯ ಜೊತೆಗೆ ಮೇಲಿನ ಕಾಡಿನ ಜಾಗ ಸೇರಿಕೊಂಡಿರುತ್ತಿತ್ತು. ಅದು ಬಾಣೆ. ಅದಕ್ಕೆ ಕಂದಾಯ ಇರಲಿಲ್ಲ. ದನ ಮೇಯಿಸಬಹುದು. ಗದ್ದೆಗೆ ಸೊಪ್ಪು ತರಬಹುದು. ಒಲೆಗೆ ಸೌದೆ, ಮನೆಗೂ ಬೇಸಾಯದ ಸಾಮಾನಿಗೂ ಬೇಕಾದ ಮರ ತೆಗೆಯಬಹುದು. ಆದರೆ ಅದೇ ಮರವನ್ನು ವ್ಯಾಪಾರಕ್ಕೆ ಕಡಿದು ಮಾರುವ ಹಾಗಿರಲಿಲ್ಲ. ಅದಕ್ಕೆ ಸರ್ಕಾರಕ್ಕೆ ಹಣ ಕಟ್ಟಬೇಕಿತ್ತು. ಜಾಗ ಪೂರ್ತಿ ನಿನ್ನದಾಗಿರಲಿಲ್ಲ. ಹಾಗಂತ ಪ್ರತಿ ಸಲ ಸೌದೆಗೆ ಅರ್ಜಿ ಹಾಕಬೇಕಾಗಿಯೂ ಇರಲಿಲ್ಲ. ಮನೆಯ ಅಗತ್ಯವೇ ಅಳತೆ.

ಮಡಿಕೇರಿಯವರು ಹೇಳಿದ ಕಾನೂನನ್ನು ಓದುವಾಗ ನನಗೆ ಕಂಡದ್ದು ಇದೇ. ಎರಡು ಪುಟ ಸೌದೆ. ಹತ್ತು ಸೆಟ್ ಗೈಡು ಮರದ ವ್ಯಾಪಾರ. ಎಲ್ಲ ವಿಷಯದಲ್ಲೂ ಹೋಲಿಕೆ ಸರಿಬರುವುದಿಲ್ಲ, ಗೊತ್ತು. ಬಾಣೆ ಇದ್ದದ್ದು ಗದ್ದೆ ಇದ್ದವನಿಗೆ ಮಾತ್ರ. ಇದು ಓದುವವರೆಲ್ಲರಿಗೂ. ಆದರೂ ಕೇಳದೆ ತೆಗೆಯಬಹುದಾದದ್ದು, ಆದರೆ ಮಿತಿ ಇರುವುದು ಎಂಬ ಯೋಚನೆ ನಮಗೆ ಇಂಗ್ಲಿಷಿನಿಂದ ಬರಬೇಕಾಗಿಲ್ಲ. ನಮ್ಮ ಹಿರಿಯರ ಮೂಲಮನೆಗಳಾದ ಐನ್‌ಮನೆಗಳ ಹಿಂದೆಯೇ ಇತ್ತು.

‘ಬಾಣೆ ಬಳಕೆ’ ಎಂದು ಬರೆಯಿರಿ ಅನ್ನುವುದಿಲ್ಲ. ಕುಶಾಲನಗರ ದಾಟಿದರೆ ಯಾರಿಗೂ ತಿಳಿಯುವುದಿಲ್ಲ. ಪದಕ್ಕೆ ನನ್ನ ಸೂಚನೆ ‘ಸಲ್ಲು’. ‘ಹೀಗೆ ಮಾಡುವುದು ಸಲ್ಲದು’ ಎಂದು ಈಗಲೂ ಎಲ್ಲರೂ ಹೇಳುತ್ತೇವೆ. ಅದರ ಧ್ವನಿ ನೋಡಿ. ಪಾಪ ಅನ್ನುವಷ್ಟು ಜೋರಲ್ಲ, ಬರೀ ಕಾನೂನೂ ಅಲ್ಲ. ನಾಲ್ಕು ಜನ ಒಪ್ಪುವುದಿಲ್ಲ ಎನ್ನುವ ತೂಕ. ನಾಣ್ಯ ಸಲ್ಲುತ್ತದೆ, ಸಲ್ಲುವುದಿಲ್ಲ. ಬಸವಣ್ಣನವರು ಮರ್ತ್ಯಲೋಕವನ್ನು ಕಮ್ಮಟ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ ಎಂದು ಕರೆದ ವಚನದಲ್ಲಿ ಈ ಪದವನ್ನೇ ತಿರುಗಿಸಿ ತಿರುಗಿಸಿ ಬಳಸಿದ್ದಾರೆ. ಅರ್ಜಿ ‘ಸಲ್ಲಿಸು’ವುದೂ, ಗೌರವ ‘ಸಂದ’ದ್ದೂ ಇದೇ ಬೇರಿನಿಂದ. ಯಾರಿಗೆ ಏನು ಸೇರಬೇಕೋ ಅದು ಸೇರುವುದು. ಫೇರ್ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗಂತೂ ಕಾಣದು.

‘ತಕ್ಕ ಬಳಕೆ’ ತಪ್ಪಲ್ಲ. ಆದರೆ ‘ತಕ್ಕ’ ಅಂದ ಕೂಡಲೇ ‘ಯಾವುದಕ್ಕೆ ತಕ್ಕ?’ ಎಂದು ಕೇಳಬೇಕೆನಿಸುತ್ತದೆ. ಮತ್ತೆ ಕೊಡಗಿನಲ್ಲಿ ತಕ್ಕ ಎಂದರೆ ಊರಿನ ಹಿರಿಯ. ನಾಪೋಕ್ಲಿನ ಬೋರ್ಡಿನ ಮೇಲೆ ‘ತಕ್ಕ ಬಳಕೆ’ ಎಂದರೆ ಊರುತಕ್ಕರ ಬಳಕೆಗೆ ಎಂದು ಓದುವವರೂ ಸಿಗುತ್ತಾರೆ.

ಸೋಮವಾರಪೇಟೆ, ಶುಕ್ರವಾರ ಬೆಳಿಗ್ಗೆ

ಸಲ್ಲುವ ಬಳಕೆ. ಒಪ್ಪಿದೆ.

ಕುಶಾಲನಗರ, ಶುಕ್ರವಾರ ಬೆಳಿಗ್ಗೆ

ಸದ್ಬಳಕೆಯೇ ಸುಲಭ ಎಂದು ನನಗೆ ಈಗಲೂ ಅನಿಸುತ್ತದೆ. ಇರಲಿ.

ಒಂದು ಬೇರೆ ವಿಷಯ. ಸುಗ್ಗಿಯ ಹಬ್ಬ ಹುತ್ತರಿ ಬಂತೆಂದರೆ ಪಂಜೆಯವರ ‘ಹುತ್ತರಿ ಹಾಡು’ ಕೇಳಿಕೊಂಡು ಮಕ್ಕಳು ಬರುತ್ತಾರೆ. ಅದಕ್ಕೂ ಈ ಅಳತೆಯೇನಾ?

ಮಡಿಕೇರಿ, ಶುಕ್ರವಾರ ಮಧ್ಯಾಹ್ನ

ಇಲ್ಲ. ಇದನ್ನು ಬೋರ್ಡಿನಲ್ಲಿ ಬೇರೆಯಾಗಿಯೇ ಹೇಳಿ. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಒಡೆತನವೇ ಮುಗಿಯುತ್ತದೆ. 1992ಕ್ಕೆ ಮೊದಲು ಅದು 50 ವರ್ಷ ಇತ್ತು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಕತೆಗಾರ್ತಿ ಕೊಡಗಿನ ಗೌರಮ್ಮ 1939ರಲ್ಲಿ. ಇವರ ಬರಹಕ್ಕೆ ‘ಸಲ್ಲುವ ಬಳಕೆ’ಯ ಮಾತೇ ಬರುವುದಿಲ್ಲ. ಪೂರ್ತಿ ಪ್ರತಿ ಮಾಡಿ ಹಂಚಿ.

ಕೊಡವರ ಹಾಡು, ಆಚಾರಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನೂ ಕೇಳುತ್ತಾರೆ, ಅಲ್ವಾ? ನಡಿಕೇರಿಯಂಡ ಚಿಣ್ಣಪ್ಪನವರು ಅದನ್ನು ಅಚ್ಚು ಹಾಕಿಸಿದ್ದು 1924ರಲ್ಲಿ, ತೀರಿಕೊಂಡದ್ದು 1931ರಲ್ಲಿ. ಮೂಲ ಎಲ್ಲರದೂ. ಆದರೆ 2003ರಲ್ಲಿ ಬಂದ ಇಂಗ್ಲಿಷ್ ಅನುವಾದಕ್ಕೆ ಬೇರೆ ಒಡೆಯರಿದ್ದಾರೆ. ಅದಕ್ಕೆ ಅಳತೆ ಇದೆ. ಹಳೇ ಪುಸ್ತಕಕ್ಕೆ ಹೊಸಬರು ಬರೆದ ಮುನ್ನುಡಿ, ಟಿಪ್ಪಣಿಗಳಿಗೂ ಹಾಗೆಯೇ. ಯಾವ ಮುದ್ರಣ ಕೈಯಲ್ಲಿದೆ ಎಂದು ನೋಡಿಕೊಳ್ಳಿ.

ಬರೆದವರ ಹೆಸರು ಹಾಕಿದರೆ ಎಷ್ಟು ಬೇಕಾದರೂ ತೆಗೆಯಬಹುದು ಎಂದು ತುಂಬಾ ಜನ ತಿಳಿದಿದ್ದಾರೆ. ಹೆಸರು ಹಾಕುವುದು ಮರ್ಯಾದೆ. ಅದರಿಂದ ಅಳತೆ ಬದಲಾಗುವುದಿಲ್ಲ.

ನಾಪೋಕ್ಲು, ಶುಕ್ರವಾರ ರಾತ್ರಿ

ಎಲ್ಲರಿಗೂ ವಂದನೆ. ‘ಸಲ್ಲು’ ಹಿಡಿದುಕೊಂಡೆವು. ಆದರೆ ‘ಸಲ್ಲುವ ಬಳಕೆ’ ಎಂದು ಬರೆಸುತ್ತಿಲ್ಲ. ಇವತ್ತು ಅದೇ ಪಿಯುಸಿ ಹುಡುಗನಿಗೆ ಓದಿಸಿದೆ. ಅವನು ‘ಸಲ್ಲುವ’ ಎಂಬಲ್ಲಿ ತಡವರಿಸಿದ. ‘ಇಷ್ಟು ಸಲ್ಲುತ್ತದೆ, ಇಷ್ಟು ಸಲ್ಲದು’ ಎಂದು ಬರೆದು ತೋರಿಸಿದ ಕೂಡಲೇ ಅರ್ಥವಾಯಿತು. ಹೆಸರುಪದಕ್ಕೇ ಅಂಟಿಕೊಳ್ಳಬೇಕಾಗಿಲ್ಲ ಅನಿಸಿತು. ‘ನಕಲು’ ತೆಗೆದಿದ್ದೇನೆ. ಅರಬ್ಬಿ ಎಂದು ಅಲ್ಲ. ಪರೀಕ್ಷೆಯಲ್ಲಿ ನಕಲು, ನಕಲಿ ನೋಟು ಎಂದು ಕೇಳಿ ಕೇಳಿ ಆ ಪದದಲ್ಲೇ ತಪ್ಪಿನ ವಾಸನೆ ಸೇರಿದೆ. ಸರಿಯಾದ ಕೆಲಸಕ್ಕೆ ಬಂದವರಿಗೆ ಅದು ಬೇಡ. ‘ಪ್ರತಿ’ ಸಂಸ್ಕೃತವಾದರೂ ಸರಿ.

ನಾಳೆ ಬರೆಸುವುದು ಇದು:

ಇಷ್ಟು ಸಲ್ಲುತ್ತದೆ. ನಿಮ್ಮ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ ಬೇಕಾದಷ್ಟು ಪುಟಗಳು. ಪಾಠಕ್ಕೆ ಬೇಕಾದಷ್ಟು. ಯಾರನ್ನೂ ಕೇಳಬೇಕಾಗಿಲ್ಲ.
ಇದು ಸಲ್ಲದು. ಅಂಗಡಿಯಲ್ಲಿ ಸಿಗುವ ಪುಸ್ತಕದ ಪೂರ್ತಿ ಪ್ರತಿ. ಮಾರಲು ಪ್ರತಿ.
ಒಡೆತನ ಮುಗಿದ ಪುಸ್ತಕಗಳು ಕೆಳಗಿನ ಕಪಾಟಿನಲ್ಲಿವೆ. ಅವನ್ನು ಪೂರ್ತಿ ಪ್ರತಿ ಮಾಡಬಹುದು.

ಮೂರು ಅಡಿಯಲ್ಲಿ ಹಿಡಿಸುತ್ತದೆ ಎಂದು ಬರೆಯುವವರು ಹೇಳಿದ್ದಾರೆ. ಭಾಗಮಂಡಲಕ್ಕೆ ಇವತ್ತೇ ಫೋನ್ ಮಾಡಿದೆ. ಆ ಎರಡು ಪುಟ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ.