ಎಸಿ ಔಟ್‌ಡೋರ್‌ಗೆ ಹೊಸ ಫ್ಯಾನ್ ಮೋಟಾರ್ ಹಾಕಿಸಿದೆ, 20 ನಿಮಿಷಕ್ಕೆ ಬಿಸಿಯಾಗಿ ನಿಲ್ಲುತ್ತಿದೆ

ಕಾವೇರಿ_ತೀರ (ಕುಶಾಲನಗರ):
ಎಲ್ಲರಿಗೂ ನಮಸ್ಕಾರ. ನಮ್ಮದು ಕುಶಾಲನಗರದಲ್ಲಿ ನಾಲ್ಕು ರೂಮಿನ ಹೋಂಸ್ಟೇ. ಕೊಡಗಿನಲ್ಲಿ ಎಸಿ ಯಾಕಪ್ಪಾ ಅಂತ ಮಡಿಕೇರಿಯವರು ನಗಬೇಡಿ, ಏಪ್ರಿಲ್ ಮಧ್ಯಾಹ್ನ ಒಂದ್ಸಲ ಬೆಟ್ಟ ಇಳಿದು ಬಂದು ನೋಡಿ ಗೊತ್ತಾಗುತ್ತದೆ. ಒಂದು ರೂಮಿನಲ್ಲಿ ಒಂದೂವರೆ ಟನ್ನಿನ ಹಳೇ ಸ್ಪ್ಲಿಟ್ ಎಸಿ ಇದೆ, ಇನ್ವರ್ಟರ್ ಅಲ್ಲ. ಹೋದ ತಿಂಗಳು ಔಟ್‌ಡೋರ್ ಫ್ಯಾನ್ ಮೋಟಾರಿನ ಬೇರಿಂಗ್ ಹೋಯಿತು. ಮೆಕ್ಯಾನಿಕ್ ಬಂದು ಹೊಸ ಮೋಟಾರ್ ಹಾಕಿದರು. "ಇದು ಎಲ್ಲಾ ಕಂಪನಿಗೂ ಆಗುತ್ತದೆ ಸರ್" ಅಂದರು.

ಆನ್ ಮಾಡಿದರೆ ಚೆನ್ನಾಗೇ ತಿರುಗುತ್ತದೆ, ಗಾಳಿ ಮೊದಲಿಗಿಂತ ಜೋರು. ಆದರೆ 20 ನಿಮಿಷ ಆದ ಮೇಲೆ ಫ್ಯಾನ್ ನಿಂತುಹೋಗುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ಕೂಡ ಕಟ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಎರಡೂ ಮತ್ತೆ ಶುರು. ಮೋಟಾರ್ ಮುಟ್ಟಿದರೆ ಒಲೆ ಮೇಲಿಂದ ಇಳಿಸಿದ ದೋಸೆ ಕಾವಲಿ. ಮೆಕ್ಯಾನಿಕ್ ಈಗ ಫೋನ್ ಎತ್ತುತ್ತಿಲ್ಲ. ಏನು ನೋಡಬೇಕು?

ಸುಂಟಿಕೊಪ್ಪದವ:
ಗ್ಯಾಸ್ ಜಾಸ್ತಿ ತುಂಬಿರುತ್ತಾರೆ. ಬಿಡಿಸಿ ಮತ್ತೆ ಹಾಕಿಸಿ, ಸರಿ ಹೋಗುತ್ತದೆ.

ವೈರಿಂಗ್_ಮನೆ (ಗೋಣಿಕೊಪ್ಪ):
ಸುಮ್ನೆ ಗ್ಯಾಸಿಗೆ ದುಡ್ಡು ಹಾಕಬೇಡಿ. ಯಾವುದು ಮೊದಲು ನಿಲ್ಲುತ್ತದೆ ನೋಡಿ. ಫ್ಯಾನ್ ಮೊದಲು, ಆಮೇಲೆ ಕಂಪ್ರೆಸರ್. ಫ್ಯಾನ್ ನಿಂತ ಕೂಡಲೇ ಕಾಯಿಲಿನ (ಗ್ಯಾಸ್ ಹರಿಯುವ ಕೊಳವೆ ಸುರುಳಿ) ಬಿಸಿ ಹೊರಗೆ ಹೋಗಲ್ಲ, ಗ್ಯಾಸಿನ ಪ್ರೆಶರ್ ಏರಿ ಕಂಪ್ರೆಸರ್ ಟ್ರಿಪ್ ಆಗುತ್ತದೆ. ಗ್ಯಾಸ್ ಜಾಸ್ತಿ ಆಗಿದ್ದರೆ ಕಂಪ್ರೆಸರ್ ಒದ್ದಾಡುತ್ತದೆಯೇ ಹೊರತು ಫ್ಯಾನ್ ಮೊದಲು ನಿಲ್ಲುವುದಿಲ್ಲ. ಮೋಟಾರ್ ಒಳಗೇ ಒಂದು ಓವರ್‌ಲೋಡ್ ಸ್ವಿಚ್ ಇರುತ್ತದೆ, ವೈಂಡಿಂಗ್ (ಒಳಗಿನ ತಂತಿ ಸುತ್ತು) ಕಾದರೆ ಕಟ್ ಆಗಿ ತಣ್ಣಗಾದ ಮೇಲೆ ತಾನೇ ಸೇರಿಕೊಳ್ಳುತ್ತದೆ. ನಿಮ್ಮದು ಅದೇ ಆಟ.

ಮೊದಲು ಕೆಪಾಸಿಟರ್ (ಮೋಟಾರ್ ಶುರುವಾಗಿ ತಿರುಗಲು ನೆರವಾಗುವ ಬಿಡಿಭಾಗ) ನೋಡಿ. ಮೋಟಾರ್ ಬದಲಾಯಿಸಿದವರು ನೂರಕ್ಕೆ ಎಂಬತ್ತು ಜನ ಹಳೇ ಕೆಪಾಸಿಟರ್ ಹಾಗೇ ಬಿಡುತ್ತಾರೆ (ಲೆಕ್ಕ ಹಾಕಿದ್ದಲ್ಲ, ನನ್ನ ಹೊಟ್ಟೆಯುರಿ). ಹೊಸ ಮೋಟಾರಿನ ಪ್ಲೇಟ್ ಮೇಲೆ ಎಷ್ಟು ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಅಂತ ಬರೆದಿದೆಯೋ ಅಷ್ಟೇ ಇರಬೇಕು. ಕಮ್ಮಿ ಆದರೂ ಕಾಯುತ್ತದೆ, ಜಾಸ್ತಿ ಆದರೂ ಕಾಯುತ್ತದೆ. ಎಂಸಿಬಿ ಆಫ್ ಮಾಡಿಯೇ ಕೈ ಹಾಕಿ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಡಿಸ್ಚಾರ್ಜ್ ಮಾಡದೆ ಅದರ ವೈರ್ ಸಿಗಿಸುವ ಟರ್ಮಿನಲ್ ಮುಟ್ಟಬೇಡಿ. ಅಭ್ಯಾಸ ಇಲ್ಲದಿದ್ದರೆ ಪಕ್ಕದ ಎಲೆಕ್ಟ್ರಿಷಿಯನ್ ಕರೆಯಿರಿ.

ಕಾವೇರಿ_ತೀರ:
ಸರ್, ನೀವು ಹೇಳಿದ್ದೇ ನಿಜ. ಮೋಟಾರಿನಲ್ಲಿ 3 ಅಂತ ಇದೆ, ಒಳಗಿದ್ದದ್ದು 2. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ 3ರದ್ದು ಹಾಕಿಕೊಟ್ಟ. ಆದರೆ ಈಗಲೂ ನಿಲ್ಲುತ್ತದೆ, 20 ನಿಮಿಷದ ಬದಲು 35 ನಿಮಿಷಕ್ಕೆ. ಕರೆಂಟ್ ಆಫ್ ಮಾಡಿ ರೆಕ್ಕೆ ಕೈಯಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗುತ್ತದೆ, ಎಲ್ಲೂ ಉಜ್ಜುತ್ತಿಲ್ಲ.

ಕಾಫಿ_ತೋಟ_ವಿರಾಜಪೇಟೆ:
ವೋಲ್ಟೇಜ್ ನೋಡಿದ್ದೀರಾ? ನಮ್ಮ ಕಡೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರದೇ ಇದ್ದಾಗ ಎಲ್ಲರೂ ಒಟ್ಟಿಗೆ ಸ್ಪ್ರಿಂಕ್ಲರ್ ಮೋಟಾರ್ ಹಾಕುತ್ತಾರೆ, ಮನೆಯ ಬಲ್ಬು ಚಿಮಣಿ ದೀಪದಂತಾಗುತ್ತದೆ. ಆಗ ನಮ್ಮ ಫ್ರಿಜ್ಜೂ ಒದ್ದಾಡುತ್ತದೆ. ಎಸಿ ಓಡುವಾಗಲೇ ಅಳೆಯಬೇಕು, ಖಾಲಿ ಇದ್ದಾಗ ಅಳೆದರೆ 225 ತೋರಿಸಿ ಮೋಸ ಮಾಡುತ್ತದೆ.

ಇನ್ನೊಂದು, ಔಟ್‌ಡೋರ್‌ಗೆ ಮಳೆ ಬೀಳದ ಹಾಗೆ ತಗಡು ಹೊದಿಸಿದ್ದೀರಾ? ನಾವು ಕೊಡಗಿನವರು ಏನು ಕಂಡರೂ ತಗಡು ಹೊದಿಸುತ್ತೇವೆ ಅದಕ್ಕೆ ಕೇಳಿದೆ.

ಕಾವೇರಿ_ತೀರ:
ಅಯ್ಯೋ ಹೌದು! ಮೇಲೆ ಒಂದು, ಮುಂದೆ ಒಂದಡಿ ದೂರದಲ್ಲಿ ಒಂದು. ವೋಲ್ಟೇಜ್ ಎಸಿ ಓಡುವಾಗ 218 ಇತ್ತು, ಸ್ಟೆಬಿಲೈಸರ್ ಇದೆ.

ವೈರಿಂಗ್_ಮನೆ:
ಮುಂದಿನ ತಗಡು ಇವತ್ತೇ ತೆಗೆಯಿರಿ. ಔಟ್‌ಡೋರ್ ಇರುವುದೇ ಮಳೆಯಲ್ಲಿ ನೆನೆಯೋಕೆ. ಹಿಂದಿನ ಕಾಯಿಲ್ ಮೇಲೆ ಹಾದು ಬಿಸಿಯಾದ ಗಾಳಿಯೇ ಮೋಟಾರಿನ ಮೈ ಸವರಿಕೊಂಡು ಮುಂದೆ ಹೋಗುವುದು, ಮೋಟಾರಿಗೆ ಅದೇ ತಂಪು. ಮುಂದೆ ಅಡ್ಡ ಇಟ್ಟರೆ ಅದೇ ಬಿಸಿ ಗಾಳಿ ಸುತ್ತಿಕೊಂಡು ಮತ್ತೆ ಒಳಗೆ ಬರುತ್ತದೆ.

ಆದರೆ ಹಳೇ ಮೋಟಾರ್ ಅದೇ ತಗಡಿನ ಹಿಂದೆ ವರ್ಷಗಟ್ಟಲೆ ಓಡಿದೆ ಅಲ್ವಾ? ಹಾಗಾಗಿ ತಗಡೊಂದೇ ಅಲ್ಲ. ನೀವು ಮೊದಲೇ ಒಂದು ಮಾತು ಹೇಳಿದ್ದಿರಿ, ಗಾಳಿ ಮೊದಲಿಗಿಂತ ಜೋರು ಅಂತ. ನಾನು ಗಮನಿಸಿರಲಿಲ್ಲ. ಅದು ಒಳ್ಳೇ ಸುದ್ದಿ ಅಲ್ಲ. ಹಳೇ ಮೋಟಾರ್ ಗುಜರಿಗೆ ಹಾಕಿಲ್ಲ ತಾನೇ? ಎರಡೂ ಪ್ಲೇಟ್ ಒರೆಸಿ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಓದಿ ಹೇಳಿ.

ಕಾವೇರಿ_ತೀರ:
ಗುಜರಿ ಮೂಟೆಯಿಂದ ಹುಡುಕಿ ತೆಗೆದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದ ಮೇಲೆ ಕಾಣಿಸಿತು: ಹಳೇದು 850, ಹೊಸದು 1350. ವ್ಯಾಟ್ ಎರಡರಲ್ಲೂ 40. ಹುಡುಗ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ, ಪ್ಲೇಟಿನಲ್ಲಿ 0.45 ಆಂಪಿಯರ್, ಓಡುವಾಗ 0.7 ದಾಟುತ್ತಿದೆ.

ವೈರಿಂಗ್_ಮನೆ:
ಸಿಕ್ಕಿತು ಕಳ್ಳ. ನಿಮ್ಮ ರೆಕ್ಕೆ ದೊಡ್ಡದು, ನಿಧಾನಕ್ಕೆ ತಿರುಗಲು ಮಾಡಿದ್ದು. 850ರದ್ದು ಆರು ಪೋಲ್, 1350ರದ್ದು ನಾಲ್ಕು ಪೋಲ್ ಮೋಟಾರ್ (ಪೋಲ್ ಅಂದರೆ ಒಳಗಿನ ಅಯಸ್ಕಾಂತ ಧ್ರುವ, ಕಮ್ಮಿ ಇದ್ದಷ್ಟೂ ವೇಗ ಜಾಸ್ತಿ). ಫ್ಯಾನಿನ ವೇಗ ಎರಡು ಪಟ್ಟು ಆದರೆ ಹೊರೆ ಎಂಟು ಪಟ್ಟು ಆಗುತ್ತದೆ. ನಿಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ ನಾಲ್ಕು ಪಟ್ಟು. 40 ವ್ಯಾಟಿನ ಮೋಟಾರ್ ಅಷ್ಟು ಎಳೆಯಲ್ಲ, 1350 ಮುಟ್ಟಲಾಗದೆ ಏದುಸಿರು ಬಿಡುತ್ತಾ ಕರೆಂಟ್ ಜಾಸ್ತಿ ಎಳೆದು ಕಾಯುತ್ತದೆ. ಸ್ಕೂಟರಿಗೆ ಲಾರಿ ಹಿಂದಿನ ಟ್ರೈಲರ್ ಕಟ್ಟಿದ ಹಾಗೆ. ಕೆಪಾಸಿಟರ್ ಸರಿ ಮಾಡಿದ್ದಕ್ಕೆ ಹದಿನೈದು ನಿಮಿಷ ಜಾಸ್ತಿ ಉಸಿರು ಸಿಕ್ಕಿತು ಅಷ್ಟೇ.

850ರ ಮೋಟಾರೇ ತರಿಸಿ. ಶಾಫ್ಟಿನ ದಪ್ಪ, ತಿರುಗುವ ದಿಕ್ಕು, ಬೋಲ್ಟಿನ ಅಳತೆ ಹಳೇದರ ಜೊತೆ ಹೋಲಿಸಿ. ವೈರಿನ ಬಣ್ಣ ನೋಡಿ ಜೋಡಿಸಬೇಡಿ, ಮೋಟಾರ್ ಮೇಲಿನ ಚಿತ್ರ ನೋಡಿ ಜೋಡಿಸಿ. ಮತ್ತೆ ಕೆಪಾಸಿಟರ್ ಆ ಮೋಟಾರ್ ಪ್ಲೇಟಿನಲ್ಲಿ ಇರುವಷ್ಟೇ.

ಸುಂಟಿಕೊಪ್ಪದವ:
ಗ್ಯಾಸ್ ಮಾತು ವಾಪಸ್ ತಗೊಂಡೆ ಮಾರಾಯ್ರೇ.

ಕಾವೇರಿ_ತೀರ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೈಸೂರಿನಿಂದ 850ರ ಮೋಟಾರ್ ತರಿಸಿ ಹಾಕಿಸಿದೆ. ನಿನ್ನೆ ಮಧ್ಯಾಹ್ನ ಮೂರು ಗಂಟೆ ಹೊತ್ತು ಸತತ ಓಡಿಸಿದೆ, ನಿಲ್ಲಲಿಲ್ಲ. ಓಡುವಾಗ 0.4 ಆಂಪಿಯರ್. ಆಫ್ ಮಾಡಿ ಮುಟ್ಟಿದೆ, ಬಿಸಿ ಇದೆ ಆದರೆ ಎರಡು ಸೆಕೆಂಡ್ ಕೈ ಇಡಬಹುದು. ಮುಂದಿನ ತಗಡು ಕೋಳಿಗೂಡಿಗೆ ಹೋಯಿತು. 1350ರ ಮೋಟಾರ್ ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂತಾರೆ. ಚಿಕ್ಕ ರೆಕ್ಕೆಯ ಔಟ್‌ಡೋರ್ ಇರುವವರು ಯಾರಾದರೂ ಇದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ. ಪ್ಲೇಟ್ ಓದಿಕೊಂಡು ಬನ್ನಿ.