5 ಲೀಟರಾ, 10 ಲೀಟರಾ? ಅವ್ವನಿಗೆ ಆಕ್ಸಿಜನ್ ಮೆಷಿನ್, ನಾಪೋಕ್ಲು ಕಡೆ ಮನೆ

ತೋಟದಮನೆ:
ನಮಸ್ಕಾರ. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ರೋಡಿನಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೋಟದಲ್ಲಿ. ಅವ್ವನಿಗೆ 71. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ನಲವತ್ತು ವರ್ಷ ಸೌದೆ ಒಲೆ ಊದಿದವರು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟ ಆಗೋ ಕಾಯಿಲೆ. ನಿಮಿಷಕ್ಕೆ 2 ಲೀಟರ್, ದಿನಕ್ಕೆ 16 ಗಂಟೆ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ, ಸ್ಯಾಚುರೇಷನ್ (ರಕ್ತದಲ್ಲಿ ಆಕ್ಸಿಜನ್ ಎಷ್ಟು ಪರ್ಸೆಂಟ್ ಅನ್ನೋದು) 88ರಿಂದ 92ರೊಳಗೆ ಇರಬೇಕಂತೆ. 2021ರಲ್ಲಿ ಕೋವಿಡ್ ಗಲಾಟೆ ಹೊತ್ತಲ್ಲಿ ಭಾವ ಆನ್‌ಲೈನ್‌ನಲ್ಲಿ ತರಿಸಿದ್ದ ಮೆಷಿನ್ ಅಟ್ಟದ ಮೇಲಿತ್ತು, ಅದನ್ನೇ ಇಳಿಸಿ ಹಾಕಿದೆ. ಮೇಲೆ ‘1–7 ಲೀಟರ್’ ಅಂತ ಬರೆದಿದೆ. 2ಕ್ಕೆ ಇಟ್ಟರೆ ಆಕ್ಸಿಮೀಟರ್ 84 ತೋರಿಸುತ್ತೆ. 5ಕ್ಕೆ ಏರಿಸಿದರೂ 84ರಿಂದ ಮೇಲೆ ಹೋಗಲ್ಲ. ಗಾಳಿ ಜೋರಾಗೇ ಬರ್ತಿದೆ, ಮೆಷಿನ್‌ಗೆ ಹಾಕೋ ನೀರಿನ ಬಾಟಲಿಯಲ್ಲಿ ಗುಳ್ಳೆಯೂ ಏಳ್ತಿದೆ. 10 ಲೀಟರಿನದು ತಗೊಂಡರೆ ಸರಿ ಹೋಗುತ್ತಾ? ಮಳೆ ಹಿಡಿಯೋಕೆ ಇನ್ನು ಮೂರು ವಾರ ಇರಬಹುದು ಅಷ್ಟೆ.

ನರ್ಸಕ್ಕ:
ಮೆಷಿನ್ ಮಾತು ಆಮೇಲೆ. ಅವ್ವನ ಕೈ ಮುಟ್ಟಿ ನೋಡಿ, ತಣ್ಣಗಿದೆಯಾ? ನಮ್ಮೂರ ಚಳಿಗೆ ಬೆರಳು ಮಂಜುಗಡ್ಡೆ ಆಗಿದ್ದರೆ ಆಕ್ಸಿಮೀಟರ್ ತಪ್ಪು ಹೇಳುತ್ತೆ. ಬಿಸಿನೀರಿನ ಲೋಟ ಹಿಡಿಸಿ, ಕೈ ಉಜ್ಜಿ, ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಆಗಲೂ 88ರ ಕೆಳಗೇ ಇದ್ದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕುಶಾಲನಗರ_ಬಯೋಮೆಡ್:
ಅಕ್ಕ ಹೇಳಿದ್ದು ಮೊದಲು ಮಾಡಿ ಸರ್. ಎರಡನೇದು, ಡಾಕ್ಟರನ್ನು ಕೇಳದೆ ಡಯಲ್ ಏರಿಸಬೇಡಿ. ಈ ಕಾಯಿಲೆಯವರಿಗೆ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತೆ. ಬೆಳಿಗ್ಗೆ ತಲೆನೋವು, ಮಂಪರು, ಎಬ್ಬಿಸಿದರೂ ಏಳದಿರೋದು. ನಿಮ್ಮ ಅವ್ವನಿಗೆ ಹಾಗೆ ಆಗದಿದ್ದದ್ದು ಬಹುಶಃ ಆ ಮೆಷಿನ್ ದಂಡ ಆಗಿದ್ದಕ್ಕೇ.

ಮೆಷಿನ್ ಆಕ್ಸಿಜನ್ ತಯಾರು ಮಾಡಲ್ಲ, ಸೋಸುತ್ತೆ. ಕೋಣೆಯ ಗಾಳಿಯಲ್ಲಿ ಶೇ. 21 ಆಕ್ಸಿಜನ್, ಶೇ. 78 ನೈಟ್ರೋಜನ್. ಒಳಗೆ ಜಿಯೋಲೈಟ್ ಅನ್ನೋ ಕಾಳು ತುಂಬಿದ ಎರಡು ಸಿಲಿಂಡರ್ ಇರುತ್ತವೆ. ಕಂಪ್ರೆಸರ್ ಒಂದಕ್ಕೆ ಗಾಳಿ ಒತ್ತಿದಾಗ ಕಾಳು ನೈಟ್ರೋಜನ್ ಹಿಡಿದುಕೊಳ್ಳುತ್ತೆ, ಆಕ್ಸಿಜನ್ ಮುಂದೆ ಹೋಗುತ್ತೆ. ಅಷ್ಟರಲ್ಲಿ ಇನ್ನೊಂದು ಹಿಡಿದಿದ್ದನ್ನು ಹೊರಗೆ ಬಿಡುತ್ತೆ. ಆ ‘ಟಸ್… ಟಸ್’ ಸದ್ದು ಅದೇ. ಕಂಪ್ರೆಸರ್ ಚಿಕ್ಕದು, ಕಾಳು ಕಮ್ಮಿ ಅಂದರೆ ಜೋರಾಗಿ ಎಳೆದಷ್ಟೂ ಸೋಸದ ಗಾಳಿಯೇ ಹೊರಗೆ ಬರುತ್ತೆ. ಗುಳ್ಳೆ ಏಳೋದು ಗಾಳಿ ಬರ್ತಿದೆ ಅನ್ನೋದಕ್ಕೆ ಸಾಕ್ಷಿ, ಆಕ್ಸಿಜನ್ ಬರ್ತಿದೆ ಅನ್ನೋದಕ್ಕಲ್ಲ. ‘ಎಷ್ಟು ಲೀಟರ್’ ಅಂತ ಕೇಳೋ ಬದಲು ‘ಅಷ್ಟು ಲೀಟರಿಗೆ ಎಷ್ಟು ಪರ್ಸೆಂಟ್’ ಅಂತ ಕೇಳಿ. ಒಳ್ಳೆಯ 5 ಲೀಟರ್ ಮೆಷಿನ್ 5ರಲ್ಲೂ ಶೇ. 90ರಿಂದ 96 ಕೊಡಬೇಕು.

ನಿಮ್ಮದನ್ನು ತನ್ನಿ, ಅನಲೈಸರ್ (ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ಅಳೆಯೋ ಉಪಕರಣ) ಹಿಡಿದು ತೋರಿಸ್ತೀನಿ.

ತೋಟದಮನೆ:
ಕೈ ಬೆಚ್ಚಗೆ ಮಾಡಿದ ಮೇಲೆ 86. ಅವತ್ತೇ ಮಡಿಕೇರಿಗೆ ಕರ್ಕೊಂಡು ಹೋದೆ. ಮೂರು ದಿನ ಇಟ್ಟುಕೊಂಡು ಕಳಿಸಿದ್ರು. ಸದ್ಯ ಬಾಡಿಗೆ ಸಿಲಿಂಡರ್ ಮೇಲೆ 90 ಇದೆ. ಬಯೋಮೆಡ್ ಸರ್ ಹತ್ತಿರ ಮೆಷಿನ್ ತಗೊಂಡು ಹೋಗಿದ್ದೆ. 1 ಲೀಟರಿಗೆ ಶೇ. 81, 2ಕ್ಕೆ 62, 5ಕ್ಕೆ 36. ಭಾವನಿಗೆ ಇನ್ನೂ ಹೇಳಿಲ್ಲ.

ಕುಶಾಲನಗರ_ಬಯೋಮೆಡ್:
ನಿಮಗೆ 5 ಲೀಟರ್ ಸಾಕು. 2 ಬೇಕಾದವರಿಗೆ 5 ಅಂದರೆ ಕೈಯಲ್ಲಿ ಜಾಗ ಉಳಿಯುತ್ತೆ. 10 ಲೀಟರಿನದು ಹೆಚ್ಚು ಹರಿವು ಬೇಕು ಅಂತ ಡಾಕ್ಟರ್ ಬರೆದಿದ್ದರೆ ಮಾತ್ರ. ಅದರ ಸದ್ದು ಜಾಸ್ತಿ, ತೂಕ ಜಾಸ್ತಿ, ಕರೆಂಟ್ ಹತ್ತಿರ ಹತ್ತಿರ ದುಪ್ಪಟ್ಟು. 5 ಲೀಟರಿನದು ಸುಮಾರು 350 ವ್ಯಾಟ್ ಅಂತಿಟ್ಟುಕೊಳ್ಳಿ. 16 ಗಂಟೆಗೆ 5.6 ಯೂನಿಟ್, ತಿಂಗಳಿಗೆ 168.

ಪರ್ಸೆಂಟ್ ತೋರಿಸೋ ಸೆನ್ಸರ್ ಇರೋದನ್ನೇ ಕೇಳಿ. ಹಸಿರು, ಹಳದಿ, ಕೆಂಪು ಲೈಟ್ ಆದರೂ ಸರಿ. ಸೆನ್ಸರ್ ಇಲ್ಲದ್ದು ಬೇಡವೇ ಬೇಡ. ಮ್ಯಾನ್ಯುಯಲ್‌ನಲ್ಲಿ ಎತ್ತರದ ಮಿತಿಯೂ ಬರೆದಿರುತ್ತೆ, ಆ ಮಿತಿ 1,500 ಮೀಟರ್‌ಗಿಂತ ಹೆಚ್ಚಿದ್ದರೆ ನಮ್ಮ ಊರುಗಳಿಗೆ ತೊಂದರೆ ಇಲ್ಲ.

ಕಾಫಿಕಣ:
ಸೋಮವಾರಪೇಟೆಯಲ್ಲಿ ಒಬ್ಬರು ಹಳೇದು ಮಾರ್ತಿದ್ದಾರೆ. ಮೀಟರ್‌ನಲ್ಲಿ ಬರೀ 400 ಗಂಟೆ, ಹೊಸದರ ಹಾಗೇ ಇದೆ. ನೋಡಬಹುದಲ್ಲ?

ಕುಶಾಲನಗರ_ಬಯೋಮೆಡ್:
ಅದೇ ಭಯ ನನಗೆ. ದಿನಕ್ಕೆ 16 ಗಂಟೆ ಓಡಿದರೆ ವರ್ಷಕ್ಕೆ 5,840 ಗಂಟೆ ಆಗುತ್ತೆ. ಬರೀ 400 ಅಂದರೆ ಕೋವಿಡ್ ಆದಮೇಲೆ ಮೂಲೆಯಲ್ಲಿ ಕೂತಿತ್ತು ಅಂತ ಅರ್ಥ. ಜಿಯೋಲೈಟ್‌ಗೆ ನೈಟ್ರೋಜನ್‌ಗಿಂತ ನೀರಿನ ಮೇಲೆ ಪ್ರೀತಿ. ಚೆನ್ನಾಗಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಜುಲೈನಲ್ಲಿ ಚೀಲ ಬಿಚ್ಚಿಟ್ಟರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಓಡದೆ ಕೂತ ಮೆಷಿನ್ ಒಳಗೂ ಅದೇ ಕಥೆ, ನಮ್ಮ ಮಳೆಯಲ್ಲಂತೂ ಕೇಳಲೇಬೇಡಿ. ತಗೊಳ್ಳೋದೇ ಆದರೆ ಪೂರ್ತಿ 5ಕ್ಕೆ ಇಟ್ಟು ಅರ್ಧ ಗಂಟೆ ಓಡಿಸಿ, ಅನಲೈಸರ್ ಹಿಡಿದು ನೋಡಿಯೇ ದುಡ್ಡು ಕೊಡಿ.

ತೋಟದಮನೆ:
ಕರೆಂಟ್ ವಿಷಯ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ನಮ್ಮಲ್ಲಿ ಎರಡು ದಿನ ಕತ್ತಲೆ. ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಒಂದು. ಸ್ಪ್ರಿಂಕ್ಲರ್‌ಗೆ ಅಂತ ಡೀಸೆಲ್ ಜನರೇಟರ್ ಕೂಡ ಇದೆ.

ಲೈನ್‌ಮನೆ:
ಲೆಕ್ಕ ಹಾಕಿ. 12 ವೋಲ್ಟ್, 150 ಎಎಚ್ ಅಂದರೆ 1,800 ವ್ಯಾಟ್-ಅವರ್. 350 ವ್ಯಾಟಿನ ಮೆಷಿನ್‌ಗೆ ಕಾಗದದ ಮೇಲೆ ಐದು ಗಂಟೆ. ಇನ್ವರ್ಟರ್ ತಿನ್ನೋದು, ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದ್ದು ಎಲ್ಲ ಕಳೆದರೆ ಕೈಗೆ ಸಿಗೋದು ಮೂರು ಗಂಟೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೇ ನಯವಾಗಿ ಕೊಡೋದು) ಇರಬೇಕು. ಸ್ಕ್ವೇರ್ ವೇವ್ ಆದರೆ ಕಂಪ್ರೆಸರ್ ಗುಂಯ್ ಅನ್ನುತ್ತೆ, ಬಿಸಿಯಾಗುತ್ತೆ. ಜನರೇಟರನ್ನು ನೇರ ಕೊಡಬೇಡಿ, ಮಧ್ಯೆ ಸ್ಟೆಬಿಲೈಜರ್ ಇರಲಿ. ಪಂಪ್ ಜೊತೆ ಒಂದೇ ಲೈನಲ್ಲಂತೂ ಬೇಡ.

ಬಾಡಿಗೆ ಸಿಲಿಂಡರ್ ವಾಪಸ್ ಕೊಡಬೇಡಿ. ಬಿ ಟೈಪ್ ಅನ್ನೋ ಅಳತೆಯ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತೆ, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ. ಎರಡು ಇದ್ದರೆ ರೋಡಿನ ಮರ ಕಡಿಯೋವರೆಗೆ ತಳ್ಳಬಹುದು.

ನರ್ಸಕ್ಕ:
ಬಚ್ಚಲ ಒಲೆ, ಅಗ್ಗಿಷ್ಟಿಕೆ, ದೇವರ ದೀಪ, ಊದುಬತ್ತಿ, ಯಾವುದೂ ಹತ್ತಡಿ ಒಳಗೆ ಬೇಡ. ಮೂಗು ಒಣಗುತ್ತೆ ಅಂತ ವ್ಯಾಸಲೀನ್ ಹಚ್ಚಬೇಡಿ, ನೀರಿನ ಜೆಲ್ ಸಿಗುತ್ತೆ. 2 ಲೀಟರಿಗೆ ನೀರಿನ ಬಾಟಲಿ ಬೇಕೇ ಬೇಕು ಅಂತಿಲ್ಲ, ಡಾಕ್ಟರನ್ನು ಕೇಳಿ. ಹಾಕಿದರೆ ದಿನಾ ಡಿಸ್ಟಿಲ್ಡ್ ನೀರು ಬದಲಿಸಿ.

ತೋಟದಮನೆ:
(ಜುಲೈ) ಹೊಸ 5 ಲೀಟರ್ ತಂದು ಆರು ವಾರ ಆಯ್ತು. ಅವ್ವ 90–91ರಲ್ಲಿ ಇದ್ದರು. ನಿನ್ನೆಯಿಂದ ಹಳದಿ ಲೈಟ್! ಇವತ್ತು ನೋಡಿದರೆ ಟ್ಯೂಬಿನ ತುದಿಯಲ್ಲೂ ಗಾಳಿ ಕಮ್ಮಿ. ಸಿಲಿಂಡರಿಗೆ ಬದಲಿಸಿದ್ದೀನಿ. ಇಷ್ಟು ದುಡ್ಡು ಕೊಟ್ಟು ಇದೂ ಹೋಯ್ತಾ?

ಕುಶಾಲನಗರ_ಬಯೋಮೆಡ್:
ಗಾಬರಿ ಬೇಡ. ಟ್ಯೂಬನ್ನು ಬೆರಳಲ್ಲಿ ಮಡಚಿ ಹಿಡಿಯಿರಿ. ಫ್ಲೋಮೀಟರ್ (ಎಷ್ಟು ಲೀಟರ್ ಹರಿಯುತ್ತಿದೆ ಅಂತ ತೋರಿಸೋ ಕೊಳವೆ) ಒಳಗಿನ ಗುಂಡು ಕೆಳಗೆ ಬೀಳಬೇಕು. ಬೀಳದಿದ್ದರೆ ಬಾಟಲಿ ಮುಚ್ಚಳ ಸೋರ್ತಿದೆ. ಆಮೇಲೆ ಹಿಂದಿನ ಸ್ಪಂಜಿನ ಫಿಲ್ಟರ್ ತೆಗೆದು ಹಿಂಡಿ ನೋಡಿ, ನೀರು ಬರುತ್ತಾ?

ತೋಟದಮನೆ:
ಗುಂಡು ಬೀಳಲಿಲ್ಲ. ಮುಚ್ಚಳ ಓರೆಯಾಗಿ ಕೂತಿತ್ತು, ಬಿಚ್ಚಿ ನೆಟ್ಟಗೆ ತಿರುಗಿಸಿದೆ, ಗಾಳಿ ಸರಿಯಾಯ್ತು. ಫಿಲ್ಟರ್ ಹಿಂಡಿದರೆ ನೀರು ತೊಟ್ಟಿಕ್ಕಿತು. ಭಾನುವಾರ ತೊಳೆದಿದ್ದೆ, ಈ ಮಳೆಯಲ್ಲಿ ಒಣಗಿಲ್ಲ, ಹಾಗೇ ಹಾಕಿದ್ದೆ. ಇನ್ನೊಂದು, ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಿದ್ದೆವು.

ಕುಶಾಲನಗರ_ಬಯೋಮೆಡ್:
ಸಿಕ್ಕಿತಲ್ಲ! ಒದ್ದೆ ಸ್ಪಂಜಿನಲ್ಲಿ ಗಾಳಿ ಎಳೆಯೋದು ಕಷ್ಟ, ಎಳೆದ ಗಾಳಿಯೂ ತೇವ. ಫಿಲ್ಟರ್ ಎರಡಿಟ್ಟುಕೊಳ್ಳಿ, ಒಂದು ಮೆಷಿನ್‌ನಲ್ಲಿ, ಒಂದು ಒಣಗ್ತಾ ಇರಲಿ. ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆಯಿರಿ. ಒಣ ಫಿಲ್ಟರ್ ಹಾಕಿ ಅರ್ಧ ಗಂಟೆ ಓಡಿಸಿ. ಆಗಲೂ ಹಳದಿ ಇದ್ದರೆ ವಾರಂಟಿಗೆ ಫೋನ್ ಮಾಡಿ, ನೀವೇ ಬಿಚ್ಚಬೇಡಿ.

ತೋಟದಮನೆ:
ಇಪ್ಪತ್ತು ನಿಮಿಷಕ್ಕೆ ಹಸಿರು ಬಂತು. ಹಗ್ಗ ಜಗಲಿಗೆ ಹೋಯ್ತು, ಅವ್ವನಿಗೆ ಸಿಟ್ಟು. ಎಲ್ಲರಿಗೂ ಥ್ಯಾಂಕ್ಸ್. ಹಳೇ ‘7 ಲೀಟರ್’ ಮೆಷಿನ್ ಕೊಡ್ತೀರಾ ಅಂತ ಇಬ್ಬರು ಕೇಳಿದ್ರು, ಪುಕ್ಕಟೆ ಆದರೂ ಕೊಡಲ್ಲ ಅಂದೆ.